ರಸ್ತೆಯಲ್ಲಿ ಸತ್ತ ಕಾಡುಪ್ರಾಣಿಯನ್ನು ಪರೀಕ್ಷಿಸಬೇಕು, ಏಕೆ?



ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೊರಟಾಗ, ಸಂತೆಗೆ ಹೋಗುವಾಗ, ಡಾಂಬರು ರಸ್ತೆಯ ಮೇಲೆ ಮುಂಗುಸಿಯೋ ಮೊಲವೋ ನರಿಯೋ ವಾಹನಕ್ಕೆ ಸಿಕ್ಕಿ ಸತ್ತು ಬಿದ್ದಿರುವುದನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಅಯ್ಯೋ ಪಾಪ ಎಂದುಕೊಂಡು ಮುಂದೆ ಹೋಗುತ್ತೀರಿ. ಕೆಲವರು ಕೋಲಿನಿಂದ ಚರಂಡಿಗೆ ತಳ್ಳುತ್ತಾರೆ. ಮೊಲ, ಕಾಡುಹಂದಿಯಾದರೆ ಚೀಲಕ್ಕೆ ತುಂಬಿಕೊಂಡು ಮನೆಗೆ ಒಯ್ಯುವವರೂ ಇಲ್ಲದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಗೆ, ನಾಯಿಗಳು ಉಳಿದ ಕೆಲಸ ಮುಗಿಸುತ್ತವೆ. ಅಲ್ಲಿಗೆ ಆ ಪ್ರಾಣಿಯ ಕಥೆ ಮುಗಿಯಿತು.

ಹೀಗೆ ಮುಗಿಯಬಾರದು ಎಂಬುದು ನನ್ನ ವಾದ. ಆ ಪ್ರಾಣಿ ನಿಮ್ಮ ಹೊಲದ ಬದುವಿನಲ್ಲಿ ಓಡಾಡಿದ್ದು, ನಿಮ್ಮ ಕೆರೆಯ ನೀರು ಕುಡಿದದ್ದು, ನಿಮ್ಮ ದನ ಮೇಯುವ ಗೋಮಾಳದಲ್ಲಿ ಬದುಕಿದ್ದು. ನೀವು ಬೆಳೆಗೆ ಹೊಡೆದ ಔಷಧಿ, ಇಲಿಗೆ ಇಟ್ಟ ವಿಷ, ದನದ ಮೈಯ ಉಣ್ಣೆ, ಊರ ನಾಯಿಯ ಹುಚ್ಚು, ಇವೆಲ್ಲ ಅದನ್ನು ತಲುಪಬಹುದು. ಹಾಗೆಯೇ ಅದಕ್ಕೆ ತಗಲಿದ ರೋಗ ನಿಮ್ಮ ಕೊಟ್ಟಿಗೆಗೂ ಬರಬಹುದು. ಆದ್ದರಿಂದ ರಸ್ತೆಯಲ್ಲಿ ಸತ್ತ ಕಾಡುಪ್ರಾಣಿಯನ್ನು ತಿಳಿದವರ ಕೈಯಿಂದ ಪರೀಕ್ಷೆ ಮಾಡಿಸಿ, ಅದರಿಂದ ತಿಳಿದುಬಂದದ್ದನ್ನು ಆ ಸೀಮೆಯ ರೈತರಿಗೆ ತಿಳಿಸುವ ಏರ್ಪಾಡು ಪ್ರತಿ ತಾಲ್ಲೂಕಿನಲ್ಲೂ ಆಗಬೇಕು. ಇದು ಕಾಡುಪ್ರಾಣಿಗಳ ಮೇಲಿನ ಕನಿಕರದ ಮಾತಷ್ಟೇ ಅಲ್ಲ, ನಮ್ಮ ದನಕರು ಮತ್ತು ನಮ್ಮ ಮಕ್ಕಳ ಆರೋಗ್ಯದ ಮಾತು.

ಮಣ್ಣು ಪರೀಕ್ಷೆಯ ಹಾಗೆಯೇ

ಮಣ್ಣು ಪರೀಕ್ಷೆಗೆ ಮಣ್ಣು ತೆಗೆಯುವ ಕ್ರಮ ನಿಮಗೆ ಗೊತ್ತಿದೆ. ಬೆಳೆ ಸೊರಗಿದ ಒಂದೇ ಜಾಗದಿಂದ ತೆಗೆಯದೆ, ಹೊಲದ ಉದ್ದಗಲ ನಡೆದು ಹಲವು ಕಡೆ ಮಣ್ಣು ತೆಗೆದು, ಬೆರೆಸಿ ಕಳಿಸುತ್ತೀರಿ. ಆಗ ಮಾತ್ರ ಇಡೀ ಹೊಲದ ಗುಣ ತಿಳಿಯುತ್ತದೆ.

ಕಾಡುಪ್ರಾಣಿಗಳ ಆರೋಗ್ಯ ತಿಳಿಯುವುದಕ್ಕೂ ಇದೇ ನಿಯಮ. ಕಾಯಿಲೆಯಿಂದ ಸತ್ತ ಪ್ರಾಣಿಗಳನ್ನು ಮಾತ್ರ ನೋಡಿದರೆ ಕಾಯಿಲೆ ಬಿದ್ದವುಗಳ ವಿಷಯವಷ್ಟೇ ತಿಳಿಯುತ್ತದೆ. ಲಾರಿ, ಬಸ್ಸುಗಳಿಗೆ ಸಿಕ್ಕುವುದರಲ್ಲಿ ಗಟ್ಟಿಮುಟ್ಟಾದ ಪ್ರಾಣಿಗಳೂ ಇರುತ್ತವೆ. ನಿನ್ನೆ ರಾತ್ರಿಯವರೆಗೆ ಚೆನ್ನಾಗಿ ತಿಂದು ಓಡಾಡಿಕೊಂಡಿದ್ದ ಪ್ರಾಣಿಯ ಮೈಯಲ್ಲಿ ಯಾವ ವಿಷ ಸೇರಿಕೊಂಡಿತ್ತು, ಯಾವ ರೋಗಾಣು ಸದ್ದಿಲ್ಲದೆ ಮನೆ ಮಾಡಿತ್ತು ಎಂಬುದು ಇವುಗಳಿಂದ ತಿಳಿಯುತ್ತದೆ. ಇದಕ್ಕಾಗಿ ಒಂದು ಪ್ರಾಣಿಯನ್ನೂ ಕೊಲ್ಲಬೇಕಾಗಿಲ್ಲ, ಬಲೆ ಹಾಕಿ ಹಿಡಿಯಬೇಕಾಗಿಲ್ಲ.

ತಜ್ಞ ಪಶುವೈದ್ಯರು ಇಂಥ ಒಂದು ದೇಹದಿಂದ ಎಷ್ಟೋ ವಿಷಯಗಳನ್ನು ಹೇಳಬಲ್ಲರು. ಹಲ್ಲು ನೋಡಿ ವಯಸ್ಸು, ಗರ್ಭಕೋಶ ನೋಡಿ ಆ ಪ್ರಾಣಿ ಮರಿ ಹಾಕುತ್ತಿತ್ತೇ ಎಂಬುದು, ಕೊಬ್ಬು ನೋಡಿ ಮೇವು ಸಾಕಷ್ಟು ಸಿಗುತ್ತಿತ್ತೇ ಎಂಬುದು ತಿಳಿಯುತ್ತದೆ. ಹೊಟ್ಟೆಯಲ್ಲಿ ಇರುವುದು ಅದರ ಆಹಾರ ಏನೆಂದು ಹೇಳುತ್ತದೆ. ಈಲಿ, ಅಂದರೆ ಯಕೃತ್ತು, ವಿಷಗಳ ಲೆಕ್ಕ ಕೊಡುತ್ತದೆ. ಕ್ಷಯ ರೋಗವನ್ನು ದುಗ್ಧರಸ ಗ್ರಂಥಿಗಳಲ್ಲಿ ಮತ್ತು ಶ್ವಾಸಕೋಶದಲ್ಲಿ, ಹುಚ್ಚುನಾಯಿ ರೋಗವನ್ನು ಮಿದುಳಿನಲ್ಲಿ ಹುಡುಕುತ್ತಾರೆ. ಮೈಮೇಲಿನ ಉಣ್ಣೆಗಳದೇ ಇನ್ನೊಂದು ಪರೀಕ್ಷೆ.

ಬ್ರಿಟನ್ನಿನವರು ಮಾಡಿದ್ದು

ಈ ಕೆಲಸ ಬಹಳ ವರ್ಷಗಳಿಂದ ಕ್ರಮವಾಗಿ ನಡೆದಿರುವುದು ಬ್ರಿಟನ್ನಿನಲ್ಲಿ. ಅಲ್ಲಿಯ ಮೂರು ಉದಾಹರಣೆಗಳನ್ನು ಹೇಳುತ್ತೇನೆ. ಮೂರೂ ಬೇಸಾಯಕ್ಕೆ ಸಂಬಂಧಪಟ್ಟವೇ.

ಮೊದಲನೆಯದು ನೀರುನಾಯಿ. 1950ರ ದಶಕದ ಕೊನೆಯಿಂದ ಅಲ್ಲಿಯ ಹೊಳೆಗಳಲ್ಲಿ ನೀರುನಾಯಿ ಕಾಣೆಯಾಗತೊಡಗಿತು. ಬಿತ್ತನೆ ಬೀಜಕ್ಕೆ ಲೇಪಿಸುತ್ತಿದ್ದ, ಕುರಿಗಳನ್ನು ಅದ್ದುತ್ತಿದ್ದ ಡೀಲ್ಡ್ರಿನ್‌ನಂಥ ಕೀಟನಾಶಕಗಳು ನೀರಿಗೆ ಸೇರಿ, ಮೀನಿನ ಮೂಲಕ ಅದರ ಮೈ ಸೇರಿದ್ದು ಇದಕ್ಕೆ ಮುಖ್ಯ ಕಾರಣವಾಗಿತ್ತು. ಆ ವಿಷಗಳನ್ನು ನಿಲ್ಲಿಸಿದ ಮೇಲೆ ನೀರುನಾಯಿ ನಿಧಾನವಾಗಿ ಹಿಂದಿರುಗಿತು. 2011ರ ವೇಳೆಗೆ ಇಂಗ್ಲೆಂಡಿನ ಎಲ್ಲ ಕೌಂಟಿಗಳಲ್ಲೂ, ಅಂದರೆ ಜಿಲ್ಲೆಗಳಲ್ಲೂ, ಅದು ಮತ್ತೆ ಕಾಣಿಸಿಕೊಂಡಿತ್ತು. ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ವಿಶ್ವವಿದ್ಯಾನಿಲಯದವರು 1992ರಿಂದ ಸತ್ತ ನೀರುನಾಯಿಗಳನ್ನು ತರಿಸಿ ಪರೀಕ್ಷಿಸುತ್ತ ಬಂದಿದ್ದಾರೆ. ಅವುಗಳಲ್ಲಿ ಬಹುಪಾಲು ರಸ್ತೆಯಲ್ಲಿ ಸತ್ತವು. ಎಲ್ಲಿ, ಯಾವ ದಿನ ಸಿಕ್ಕಿತು ಎಂಬ ವಿವರದೊಡನೆ ಅಂಗಾಂಗಗಳ ಚೂರುಗಳನ್ನು ಶೀತಲಗೃಹದಲ್ಲಿ ಕಾಪಾಡಿಡುತ್ತಾರೆ. ಹಳೆಯ ವಿಷ ಕಡಿಮೆಯಾಯಿತೇ, ಹೊಸ ರಾಸಾಯನಿಕ ಬಂದಿತೇ ಎಂಬುದು ಈ ಸಂಗ್ರಹದಿಂದ ತಿಳಿಯುತ್ತದೆ.

ಅಲ್ಲಿ ಕಂಡುಬಂದ ಇನ್ನೊಂದು ಸಂಗತಿ ಕುರಿ ಸಾಕುವವರು ಗಮನಿಸತಕ್ಕದ್ದು. ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮ ಪರೋಪಜೀವಿ ಬೆಕ್ಕಿನ ಮಲದಿಂದ ಹರಡುತ್ತದೆ. ಕುರಿಗಳು ಕಂದು ಹಾಕುವುದಕ್ಕೆ ಅದೂ ಒಂದು ಕಾರಣ. 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಪರೀಕ್ಷಿಸಿದ 271 ನೀರುನಾಯಿಗಳಲ್ಲಿ ನೂರಕ್ಕೆ ಸುಮಾರು 40ರಲ್ಲಿ ಅದು ತಗಲಿದ ಗುರುತು ಇತ್ತು. ಬೆಕ್ಕಿನ ಮಲದ ಸೋಂಕು ಮಳೆನೀರಿನೊಡನೆ ಕೊಚ್ಚಿಕೊಂಡು ಹೊಳೆಯವರೆಗೂ ಹೋಗುತ್ತದೆ ಎಂಬುದಕ್ಕೆ ನೀರುನಾಯಿ ಸಾಕ್ಷಿ ಹೇಳಿತು.

ಎರಡನೆಯದು ಕಣಜ ಗೂಬೆ. ಇಲಿ ಹಿಡಿಯುವುದರಲ್ಲಿ ಇದಕ್ಕೆ ಸಮನಾದ ಹಕ್ಕಿ ಇಲ್ಲ. ರಸ್ತೆಯ ಅಂಚಿನ ಹುಲ್ಲಿನಲ್ಲಿ ಇಲಿ ಹುಡುಕುತ್ತ ತಗ್ಗಿನಲ್ಲಿ ಹಾರುವುದರಿಂದ ವಾಹನಕ್ಕೆ ಬಡಿದು ಸಾಯುವುದೂ ಹೆಚ್ಚು. ಬ್ರಿಟನ್ನಿನಲ್ಲಿ 1960ರ ದಶಕದಿಂದ ಬೇಟೆಹಕ್ಕಿಗಳ ದೇಹಗಳನ್ನು ಪರೀಕ್ಷಿಸುವ ಯೋಜನೆಯೊಂದು ನಡೆಯುತ್ತಿದೆ. ಸತ್ತ ಹಕ್ಕಿಯನ್ನು ಕಂಡ ಸಾಮಾನ್ಯ ಜನರೇ ಅದನ್ನು ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳಿಸುತ್ತಾರೆ. ಹೀಗೆ ಬಂದ ಕಣಜ ಗೂಬೆಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚಿನವುಗಳ ಈಲಿಯಲ್ಲಿ ಇಲಿ ವಿಷ ಕಂಡುಬಂದಿದೆ. ವಿಷದ ಪ್ರಮಾಣ ಸಾಮಾನ್ಯವಾಗಿ ಅಲ್ಪ, ಗೂಬೆ ಸತ್ತದ್ದು ವಾಹನದಿಂದಲೇ. ಆದರೂ ಇಲಿಗೆ ಇಟ್ಟದ್ದು ಇಲಿಯನ್ನು ತಿಂದವರ ಹೊಟ್ಟೆಗೂ ಹೋಗುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. 2016ರಲ್ಲಿ ಅಲ್ಲಿ ಬಲವಾದ ಇಲಿ ವಿಷ ಕೊಳ್ಳುವವರು ತಮ್ಮ ಅರ್ಹತೆಯ ದಾಖಲೆ ತೋರಿಸಬೇಕೆಂಬ ಏರ್ಪಾಡು ಬಂತು. ಆ ಏರ್ಪಾಡು ಫಲ ಕೊಟ್ಟಿತೇ ಎಂದು ತಿಳಿಯಲು ಸತ್ತ ಗೂಬೆಯ ಈಲಿಯನ್ನೇ ನೋಡುತ್ತಾರೆ.

ಮೂರನೆಯದು ದನದ ಕ್ಷಯ. ಬ್ಯಾಡ್ಜರ್ ಎಂಬುದು ಅಲ್ಲಿಯ ಬಿಲವಾಸಿ ಪ್ರಾಣಿ, ನಮ್ಮ ತರಕರಡಿಯ ದೂರದ ಸಂಬಂಧಿ. 1971ರಲ್ಲಿ ಗ್ಲಾಸ್ಟರ್‌ಶೈರ್ ಎಂಬ ಕೌಂಟಿಯಲ್ಲಿ ಸತ್ತು ಸಿಕ್ಕಿದ ಒಂದು ಬ್ಯಾಡ್ಜರಿನಲ್ಲಿ ದನದ ಕ್ಷಯ ರೋಗಾಣು ಕಂಡುಬಂತು. ದನಗಳನ್ನು ಪರೀಕ್ಷಿಸಿ ರೋಗದವನ್ನು ತೆಗೆದರೂ ಕೆಲವು ಸೀಮೆಗಳಲ್ಲಿ ಕ್ಷಯ ಏಕೆ ಬಿಡುತ್ತಿಲ್ಲ ಎಂಬ ಪ್ರಶ್ನೆಗೆ ಅಲ್ಲೊಂದು ಸುಳಿವು ಸಿಕ್ಕಿತು. 2002ರಿಂದ 2005ರವರೆಗೆ ಏಳು ಕೌಂಟಿಗಳಲ್ಲಿ ರಸ್ತೆಯಲ್ಲಿ ಸತ್ತ ಬ್ಯಾಡ್ಜರುಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ದನದಿಂದ ಬ್ಯಾಡ್ಜರಿಗೂ ಬ್ಯಾಡ್ಜರಿನಿಂದ ದನಕ್ಕೂ ರೋಗ ಹೋಗಿಬರುತ್ತದೆ ಎಂಬುದು ಈಗ ಸ್ಪಷ್ಟವಾಗಿದೆ. ಬ್ಯಾಡ್ಜರುಗಳನ್ನು ಕೊಲ್ಲುವುದು ಸರಿಯೇ ಎಂಬ ಬಗ್ಗೆ ಅಲ್ಲಿ ದೊಡ್ಡ ಜಗಳವೇ ನಡೆದಿದೆ. ಅದು ಹೇಗೇ ಇರಲಿ, ಯಾವ ಸೀಮೆಯಲ್ಲಿ ಸೋಂಕಿದೆ, ಯಾವುದರಲ್ಲಿ ಇಲ್ಲ ಎಂದು ಮೊದಲು ತಿಳಿಯಬೇಕಲ್ಲವೇ? ರಸ್ತೆಯಲ್ಲಿ ಸತ್ತ ಪ್ರಾಣಿ ಅದನ್ನು ಕಡಿಮೆ ಖರ್ಚಿನಲ್ಲಿ ತಿಳಿಸುತ್ತದೆ.

ನಮ್ಮ ನಾಡಿನ ಅನುಭವ

ಇದೆಲ್ಲ ಶ್ರೀಮಂತ ದೇಶದ ಮಾತು, ನಮಗೇಕೆ ಎಂದು ನೀವು ಕೇಳಬಹುದು. ರಸ್ತೆಯಲ್ಲಿ ಸತ್ತದ್ದಲ್ಲದಿದ್ದರೂ, ಸತ್ತ ಕಾಡುಪ್ರಾಣಿಯನ್ನು ಪರೀಕ್ಷಿಸಿ ದೊಡ್ಡ ಪಾಠ ಕಲಿತ ನಿದರ್ಶನಗಳು ನಮ್ಮಲ್ಲೇ ಇವೆ.

ಮಂಗನ ಕಾಯಿಲೆಯ ಹೆಸರು ಕೇಳದ ಮಲೆನಾಡಿಗರಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗವನ್ನು ಪರೀಕ್ಷಿಸಿದ್ದರಿಂದ ಹೊಸ ವೈರಸ್ ಪತ್ತೆಯಾಯಿತು. ಅದನ್ನು ಹರಡುವುದು ಕಾಡಿನ ಉಣ್ಣೆ, ಅಂದರೆ ಉಣುಗು, ಎಂಬುದೂ ತಿಳಿಯಿತು. ಕಾಡಿನಲ್ಲಿ ಮಂಗ ಸತ್ತರೆ ಆ ಊರಿಗೆ ಅದು ಮುನ್ಸೂಚನೆ ಎಂದು ಆರೋಗ್ಯ ಇಲಾಖೆಯವರು ಆಗಿನಿಂದಲೂ ಹೇಳುತ್ತ ಬಂದಿದ್ದಾರೆ. ಸತ್ತ ಮಂಗದ ಮೈಯಿಂದ ಉಣ್ಣೆಗಳು ಕೆಳಗಿಳಿದು ಆ ಜಾಗದಲ್ಲೇ ಕಾದು ಕುಳಿತಿರುತ್ತವೆ. ಹಾಗಾದರೆ ಮಲೆನಾಡಿನ ರಸ್ತೆಯ ಅಂಚಿನಲ್ಲಿ ಸತ್ತು ಬಿದ್ದಿರುವ ಮಂಗವನ್ನು ಕಂಡು, ಬಸ್ಸಿಗೆ ಸಿಕ್ಕಿರಬೇಕು ಎಂದು ನಾವೇ ತೀರ್ಮಾನಿಸಿ ಮುಂದೆ ಹೋಗುವುದು ಸರಿಯೇ? ಕಾಯಿಲೆಯಿಂದ ನಿತ್ರಾಣವಾಗಿ ರಸ್ತೆ ದಾಟಲಾರದೆ ಸಿಕ್ಕಿತೋ ಏನೋ, ಪರೀಕ್ಷೆಯಾಗದೆ ಯಾರಿಗೆ ಗೊತ್ತು?

ರಣಹದ್ದಿನ ಕಥೆಯೂ ಹೀಗೆಯೇ. 1990ರ ದಶಕದಲ್ಲಿ ನಮ್ಮ ದೇಶದ ರಣಹದ್ದುಗಳು ಕುಸಿಯುತ್ತ ಹೋಗಿ, ಮೂರು ಜಾತಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ನಾಶವಾದವು. ಯಾವುದೋ ಅಂಟುರೋಗ ಇರಬೇಕೆಂದು ಮೊದಲು ಊಹಿಸಿದ್ದರು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ ಮೂತ್ರಪಿಂಡ ಕೆಟ್ಟು, ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಬಿಳಿಯಾಗಿ ಕಟ್ಟಿಕೊಂಡಿತ್ತು. ಕಾರಣ ಡೈಕ್ಲೋಫೆನಾಕ್, ನಾವು ದನಗಳಿಗೆ ನೋವು, ಜ್ವರಕ್ಕೆಂದು ಚುಚ್ಚಿಸುತ್ತಿದ್ದ ಔಷಧಿ. ಆ ಚಿಕಿತ್ಸೆ ಪಡೆದು ಸತ್ತ ದನವನ್ನು ತಿಂದ ಹದ್ದು ಸಾಯುತ್ತಿತ್ತು. ಇದು ಪ್ರಕಟವಾದದ್ದು 2004ರಲ್ಲಿ. 2006ರಲ್ಲಿ ಪಶುಗಳಿಗೆ ಆ ಔಷಧಿ ತಯಾರಿಸುವುದನ್ನು ಭಾರತ ನಿಷೇಧಿಸಿತು. ಮೆಲಾಕ್ಸಿಕಾಮ್ ಎಂಬ ಬದಲಿ ಔಷಧಿ ಹದ್ದಿಗೆ ಹಾನಿ ಮಾಡದೆಂದು ತೋರಿಸಲಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವೂ ಆಯಿತು. ಆದರೆ ಅಷ್ಟು ಹೊತ್ತಿಗೆ ಹದ್ದುಗಳು ಎಲ್ಲಿದ್ದವು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಸತ್ತ ಹಕ್ಕಿಗಳನ್ನು ವರ್ಷವರ್ಷವೂ ಪರೀಕ್ಷಿಸುವ ಪದ್ಧತಿ ಇದ್ದಿದ್ದರೆ ಕಾರಣ ಇನ್ನೂ ಬೇಗ ಹೊರಬೀಳುವ ಸಂಭವವಿತ್ತು.

ಈಗ ಎಲ್ಲಿ ಕೊರತೆ?

ಆನೆ, ಹುಲಿ, ಚಿರತೆ ಸತ್ತರೆ ಅರಣ್ಯ ಇಲಾಖೆ ಪಶುವೈದ್ಯರನ್ನು ಕರೆಸಿ ಮರಣೋತ್ತರ ಪರೀಕ್ಷೆ ಮಾಡಿಸುತ್ತದೆ. ಮುಂಗುಸಿ, ಕಾಡುಬೆಕ್ಕು, ನರಿ, ಗೂಬೆಗಳಿಗೆ ಯಾರೂ ದಿಕ್ಕಿಲ್ಲ. ಕಾಡುಪ್ರಾಣಿ ಅರಣ್ಯ ಇಲಾಖೆಗೆ ಸೇರಿದ್ದು, ರೋಗ ಪಶುಸಂಗೋಪನಾ ಇಲಾಖೆಗೆ, ರಸ್ತೆ ಲೋಕೋಪಯೋಗಿ ಅಥವಾ ಹೆದ್ದಾರಿಯವರಿಗೆ, ಕಸ ಪಂಚಾಯಿತಿಗೆ, ಜನರ ಜ್ವರ ಆರೋಗ್ಯ ಇಲಾಖೆಗೆ. ನಾಲ್ಕೈದು ಮನೆಗಳ ನಡುವಿನ ಓಣಿಯನ್ನು ಯಾರೂ ಗುಡಿಸದ ಹಾಗೆ ಆಗಿದೆ ಈ ಕೆಲಸ. ಆದರೆ ಊರ ಸುತ್ತ ಸುಳಿದು, ನಮ್ಮ ಇಲಿ ತಿಂದು, ನಮ್ಮ ನಾಯಿಗಳೊಡನೆ ಕಚ್ಚಾಡುವುದು ಈ ಸಣ್ಣ ಪ್ರಾಣಿಗಳೇ. ರೈತನ ಆರೋಗ್ಯದ ದೃಷ್ಟಿಯಿಂದ ಹುಲಿಗಿಂತ ನರಿಯ ಪರೀಕ್ಷೆಯೇ ಹೆಚ್ಚು ಉಪಯೋಗಕ್ಕೆ ಬರಬಹುದು.

ಆಕ್ಷೇಪಣೆಗಳೂ ಇವೆ. ಪಶುವೈದ್ಯರಿಗೆ ದನಗಳ ಕೆಲಸವೇ ಹೊರೆಯಾಗಿರುವಾಗ ಇದೊಂದು ಬೇರೆಯೇ ಎನ್ನುತ್ತಾರೆ. ಮಾತು ನಿಜ. ನಮ್ಮ ಬಿಸಿಲಿಗೆ ಹೆಣ ಬೇಗ ಕೊಳೆಯುತ್ತದೆ, ಕೊಳೆತ ಮೇಲೆ ಅನೇಕ ಪರೀಕ್ಷೆಗಳು ಆಗುವುದಿಲ್ಲ. ಅದೂ ನಿಜ. ಹೊಸ ಜಾಗ ಹುಡುಕಿ ಅಲೆಯುವ ಎಳೆಯ ಗಂಡುಗಳು, ರೋಗದಿಂದ ನಿಧಾನವಾದವು ವಾಹನಕ್ಕೆ ಹೆಚ್ಚಾಗಿ ಸಿಕ್ಕಬಹುದು. ಆದ್ದರಿಂದ ರಸ್ತೆಯ ಲೆಕ್ಕವೇ ಕಾಡಿನ ಲೆಕ್ಕವಲ್ಲ. ಇದನ್ನು ಶಾಸ್ತ್ರಜ್ಞರೂ ಒಪ್ಪುತ್ತಾರೆ.

ಹಾಗೆಂದು ಕೈಬಿಡಬೇಕಾಗಿಲ್ಲ. ಎಲ್ಲ ಹೆಣಗಳನ್ನೂ ಕೊಯ್ಯಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿ ಜಿಲ್ಲೆಗೂ ಮುಖ್ಯವಾದ ಎರಡು ಮೂರು ಜಾತಿಗಳನ್ನು ಆರಿಸಿಕೊಳ್ಳಲಿ: ಮಲೆನಾಡಿಗೆ ಮಂಗ, ಭತ್ತದ ಸೀಮೆಗೆ ಗೂಬೆ, ಬಯಲುಸೀಮೆಗೆ ನರಿ ಮತ್ತು ಮುಂಗುಸಿ, ತುಂಗಭದ್ರಾ, ಕಾವೇರಿ ದಂಡೆಗೆ ನೀರುನಾಯಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರಾ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸಾರಿದ್ದಾರೆ, ಅಲ್ಲಿಂದಲೇ ಪ್ರಾರಂಭಿಸಬಹುದು. ತಾಜಾ ದೇಹ ಸಿಕ್ಕಾಗ ಮಾತ್ರ ಅಂಗಾಂಶ ತೆಗೆದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೋ ಸಮೀಪದ ಪಶುವೈದ್ಯ ಕಾಲೇಜಿಗೋ ಕಳಿಸಲಿ. ಕೊಳೆತದ್ದಾದರೆ ಜಾತಿ, ಸ್ಥಳ, ತಾರೀಖು ಬರೆದುಕೊಂಡರೂ ಸಾಕು, ಅದಕ್ಕೆ ಕಾಸಿನ ಖರ್ಚಿಲ್ಲ. ಒಂದೇ ತಿರುವಿನಲ್ಲಿ ಪದೇ ಪದೇ ಪ್ರಾಣಿಗಳು ಸಾಯುತ್ತಿದ್ದರೆ ಅಲ್ಲಿ ರಸ್ತೆ ಉಬ್ಬು ಹಾಕಬೇಕೆಂಬುದು ಆ ಲೆಕ್ಕದಿಂದಲೇ ತಿಳಿಯುತ್ತದೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ ಸಂಚಾರ ನಿಲ್ಲಿಸಿದ್ದೂ ಪ್ರಾಣಿಗಳು ಹೀಗೆ ಸಾಯುತ್ತಿದ್ದುದರಿಂದಲೇ. ಸಾಯದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಸತ್ತದ್ದರಿಂದ ಕಲಿಯುವುದು ಎರಡನೆಯದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಪರೀಕ್ಷೆಯ ಫಲಿತಾಂಶ ಕಡತದಲ್ಲಿ ಮಲಗಬಾರದು. ನರಿಯಲ್ಲಿ ಹುಚ್ಚು ಕಂಡುಬಂದರೆ ಆ ಸುತ್ತಿನ ಹಳ್ಳಿಗಳ ನಾಯಿಗಳಿಗೆ ಕೂಡಲೇ ಲಸಿಕೆ ಹಾಕಿಸಬೇಕು. ಗೂಬೆಯಲ್ಲಿ ವಿಷ ಕಂಡರೆ ಅದನ್ನು ರೈತ ಸಂಪರ್ಕ ಕೇಂದ್ರದ ಹಲಗೆಯ ಮೇಲೆ ಬರೆಯಬೇಕು. ರೈತನಿಗೆ ತಿಳಿಯದ ಪರೀಕ್ಷೆಯಿಂದ ರೈತನಿಗೆ ಪ್ರಯೋಜನವಿಲ್ಲ.

ನೀವು ಮಾಡಬೇಕಾದದ್ದು

ಸರ್ಕಾರದ ಏರ್ಪಾಡು ಆಗುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಈ ಕೆಳಗಿನವನ್ನು ಇಂದಿನಿಂದಲೇ ಪಾಲಿಸಬಹುದು.

1. ಸತ್ತ ಕಾಡುಪ್ರಾಣಿಯನ್ನು ಬರಿಗೈಯಿಂದ ಮುಟ್ಟಬೇಡಿ. ಮಕ್ಕಳನ್ನೂ ನಾಯಿಗಳನ್ನೂ ದೂರವಿಡಿ. ಹುಚ್ಚು ಹಿಡಿದ ಪ್ರಾಣಿಯ ಜೊಲ್ಲು ಕೈಯ ಗಾಯಕ್ಕೆ ತಗಲಿದರೂ ಅಪಾಯ. ಬಂಡೀಪುರದಲ್ಲಿ 2012-13ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಸತ್ತ ಮಂಗಗಳ ಪರೀಕ್ಷೆ, ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೇ ರೋಗ ತಗಲಿತ್ತು.

2. ನೀವಾಗಿ ಹೆಣವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಪ್ರಾಣಿಯ ಮೂಗು, ಬಾಯಿ, ಗುದದ್ವಾರದಿಂದ ಕಪ್ಪು ರಕ್ತ ಸೋರಿದ್ದರೆ ನೆರಡಿ ರೋಗದ ಅನುಮಾನವಿರುತ್ತದೆ. ಅಂಥ ಹೆಣವನ್ನು ಕೊಯ್ದರೆ ರೋಗಾಣುಗಳು ಮಣ್ಣು ಸೇರಿ ವರ್ಷಗಟ್ಟಲೆ ಉಳಿಯುತ್ತವೆ.

3. ಮಾಂಸದ ಆಸೆ ಬೇಡ. ಹೇಗೆ ಸತ್ತಿತೆಂದು ಗೊತ್ತಿಲ್ಲದ ಪ್ರಾಣಿಯ ಮಾಂಸ ಅಪಾಯ ಎಂಬುದು ಒಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ ಸತ್ತರೂ ಸರ್ಕಾರದ ಸ್ವತ್ತು ಎಂಬುದು ಇನ್ನೊಂದು. ಅದು ಕೈಗೆ ಬಂದವರು 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕಾರ ಪಡೆದ ಅಧಿಕಾರಿಗೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ.

4. ದೂರದಿಂದ ಫೋನಿನಲ್ಲಿ ಚಿತ್ರ ತೆಗೆದು, ಸ್ಥಳ, ಹೊತ್ತು ಗುರುತು ಮಾಡಿಕೊಂಡು ಅರಣ್ಯ ರಕ್ಷಕರಿಗೆ ತಿಳಿಸಿ. ಮಂಗವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಿ.

5. ವಾಚನಾಲಯದಲ್ಲಿ ಒಂದು ನೋಟ್‌ಬುಕ್ ಇಡಿ. ತಾರೀಖು, ಸ್ಥಳ, ಯಾವ ಪ್ರಾಣಿ, ಎಷ್ಟು, ಇಷ್ಟು ಬರೆದರೆ ಸಾಕು. ಅದೇ ವಾರ ಊರಿನ ದನಕುರಿಗಳಲ್ಲಿ ರೋಗವಿದ್ದರೆ ಪಕ್ಕದಲ್ಲಿ ಅದನ್ನೂ ಬರೆಯಿರಿ. ಒಂದು ವರ್ಷದ ಪುಸ್ತಕವನ್ನು ಪಶುವೈದ್ಯರ ಮುಂದೆ ಇಟ್ಟರೆ ಅವರಿಗೆ ಅದು ದೊಡ್ಡ ಸಹಾಯ.

6. ಇಲಿ ವಿಷವನ್ನು ಬಿಲದೊಳಗೆ ಅಥವಾ ಮುಚ್ಚಿದ ಡಬ್ಬಿಯಲ್ಲಿ ಇಡಿ. ಬ್ರೋಮಾಡಿಯೋಲೋನ್ ಬಿಲ್ಲೆಗಳನ್ನು ವರ್ಷವಿಡೀ ಇಟ್ಟಿರಬೇಡಿ. ಸತ್ತ ಇಲಿಗಳನ್ನು ದಿನವೂ ಆರಿಸಿ ಆಳವಾಗಿ ಹೂಳಿ. ಗದ್ದೆಯಲ್ಲಿ ಗೂಬೆ ಕೂರಲು ಅಡ್ಡಪಟ್ಟಿ ಹೊಡೆದ ಗೂಟಗಳನ್ನು ನೆಡಿ. ಕೂಲಿಯಿಲ್ಲದೆ ರಾತ್ರಿಯೆಲ್ಲ ಇಲಿ ಹಿಡಿಯುವ ಆಳು ಅದು.

ರೈತ ಸಂಘಗಳು, ಹಾಲು ಉತ್ಪಾದಕರ ಸಹಕಾರ ಸಂಘಗಳು, ಗ್ರಾಮ ಪಂಚಾಯಿತಿಗಳು ಈ ವಿಷಯದಲ್ಲಿ ಒಂದೊಂದು ಠರಾವು ಮಾಡಿ ಜಿಲ್ಲಾಡಳಿತಕ್ಕೆ ಕಳಿಸಬೇಕೆಂದು ನನ್ನ ಕೋರಿಕೆ. ಅರಣ್ಯ, ಪಶುಸಂಗೋಪನೆ, ಆರೋಗ್ಯ ಈ ಮೂರೂ ಇಲಾಖೆಗಳವರು ತಿಂಗಳಿಗೊಮ್ಮೆ ಒಂದೆಡೆ ಕುಳಿತು ನಿಮ್ಮ ನೋಟ್‌ಬುಕ್ ನೋಡುವಂತಾದರೆ ಅರ್ಧ ಕೆಲಸ ಆದಂತೆಯೇ. ಕೇಳುವವರಿದ್ದರೆ ಇಲಾಖೆ ಮಾಡುತ್ತದೆ. ಕೇಳದಿದ್ದರೆ ನಾಯಿ, ಕಾಗೆಗಳೇ ಪರೀಕ್ಷಕರಾಗಿ ಉಳಿಯುತ್ತವೆ.